ತಂತಿ ಮಿಡಿದವನೂ ಗೆಲಿಲಿ, ತಾರೆ ನೋಡಿದವನೂ ಗೆಲಿಲಿ

ಹೈಸ್ಕೂಲಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಗೆಲಿಲಿಯೊ ಯಾರೆಂದು ತಡವರಿಸದೆ ಹೇಳುತ್ತಾನೆ. 1610ರ ಜನವರಿಯಲ್ಲಿ ದೂರದರ್ಶಕದ ಮೂಲಕ ಗುರುಗ್ರಹದ ಉಪಗ್ರಹಗಳನ್ನು ಕಂಡವನು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ವಾದಿಸಿ 1633ರಲ್ಲಿ ರೋಮಿನ ಧರ್ಮನ್ಯಾಯಾಲಯದ ಮುಂದೆ ಮಂಡಿಯೂರಬೇಕಾಗಿ ಬಂದವನು. ಆದರೆ ‘ಗೆಲಿಲಿ’ ಎಂಬ ಮನೆತನದ ಹೆಸರನ್ನು ಪಾಶ್ಚಾತ್ಯ ಸಂಗೀತದ ಚರಿತ್ರೆ ಓದಿದವರ ಮುಂದೆ ಹೇಳಿ ನೋಡಿ. ‘ಯಾವ ಗೆಲಿಲಿ? ಅಪ್ಪನೋ, ತಮ್ಮನೋ?’ ಎಂಬ ಪ್ರಶ್ನೆ ಬಂದರೆ ಆಶ್ಚರ್ಯಪಡಬೇಡಿ. ಅಪ್ಪ ವಿಂಚೆಂಜೊ ಗೆಲಿಲಿ ಹದಿನಾರನೆಯ ಶತಮಾನದ ಇಟಲಿಯ ಹೆಸರಾಂತ ವಾದಕ, ಸಂಗೀತಶಾಸ್ತ್ರಜ್ಞ. ತಮ್ಮ ಮಿಕೆಲಾನ್ಯೊಲೊ ಗೆಲಿಲಿ ಜರ್ಮನಿಯ ಬವೇರಿಯಾದ ಆಸ್ಥಾನ ವಿದ್ವಾಂಸ. ಇವರಿಬ್ಬರ ರಚನೆಗಳನ್ನು ಇಂದಿಗೂ ನುಡಿಸುವವರಿದ್ದಾರೆ, ಕೇಳುವವರಿದ್ದಾರೆ.

ಒಂದೇ ಹೆಸರಿನಡಿ ಸಂಗೀತವೂ ವಿಜ್ಞಾನವೂ ಸೇರಿರುವುದು ಬೇರೆ ಕಡೆಯೂ ಉಂಟು. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಊರಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಧೂಮಕೇತುಗಳನ್ನು ಪತ್ತೆಹಚ್ಚಿದ ಅವನ ತಂಗಿ ಕ್ಯಾರೊಲಿನ್ ಗಾಯಕಿ. ಆದರೆ ಹರ್ಷೆಲ್ ಸಂಗೀತವನ್ನು ಬಿಟ್ಟು ಆಕಾಶಕ್ಕೆ ಹೋದ. ಗೆಲಿಲಿಗಳ ಮನೆಯಲ್ಲಿ ಆದದ್ದು ಹಾಗಲ್ಲ. ಅಲ್ಲಿ ವಿಜ್ಞಾನ ಹೊರಟದ್ದೇ ಸಂಗೀತದ ಒಳಗಿನಿಂದ.

ಮೊದಲು ಹೆಸರಿನ ವಿಚಾರ ಮುಗಿಸಿಬಿಡೋಣ. ಫ್ಲಾರೆನ್ಸ್ ನಗರದ ಈ ಮನೆತನದ ಮೂಲ ಹೆಸರು ಬೊನಾಯುತಿ. ಆ ವಂಶದಲ್ಲಿ ಹದಿನೈದನೆಯ ಶತಮಾನದ ಹೊತ್ತಿಗೆ ಗೆಲಿಲಿಯೊ ಬೊನಾಯುತಿ ಎಂಬ ಪ್ರಸಿದ್ಧ ವೈದ್ಯನಿದ್ದ. ವೈದ್ಯಶಾಸ್ತ್ರವನ್ನು ಕಲಿಸಿದ, ನಗರದ ಆಡಳಿತದಲ್ಲಿಯೂ ಪಾಲ್ಗೊಂಡ. ಅವನ ಕೀರ್ತಿ ಎಷ್ಟಿತ್ತೆಂದರೆ ಮುಂದಿನವರು ಹಳೆಯ ಹೆಸರನ್ನು ಬಿಟ್ಟು ಅವನ ಹೆಸರನ್ನೇ ಮನೆತನಕ್ಕೆ ಇಟ್ಟುಕೊಂಡರು. ‘ಗೆಲಿಲಿ’ ಎಂದರೆ ‘ಗೆಲಿಲಿಯೊನ ಕಡೆಯವರು’ ಎಂದು ಅರ್ಥ. ಹಿರಿಯ ಮಗನಿಗೆ ಮನೆತನದ ಹೆಸರನ್ನೇ ಕೊಂಚ ತಿರುಗಿಸಿ ಇಡುವ ರೂಢಿ ಆ ಸೀಮೆಯಲ್ಲಿ ಇತ್ತು. ಹೀಗಾಗಿ ನಮ್ಮ ವಿಜ್ಞಾನಿ ‘ಗೆಲಿಲಿಯೊ ಗೆಲಿಲಿ’ಯಾದ. ಜಗತ್ತು ಅವನನ್ನು ಮೊದಲ ಹೆಸರಿನಿಂದಲೇ ಕರೆಯಿತು. ಹಿಂದಿನ ಹೆಸರು ಮರೆಗೆ ಸರಿಯಿತು. ಅದರೊಂದಿಗೆ ಅಪ್ಪನೂ ಮರೆಗೆ ಸರಿದ.

ಬಟ್ಟೆ ವ್ಯಾಪಾರಿ, ಲ್ಯೂಟ್ ವಾದಕ

ವಿಂಚೆಂಜೊ ಹುಟ್ಟಿದ್ದು ಸುಮಾರು 1520ರಲ್ಲಿ, ತಸ್ಕನಿ ಪ್ರಾಂತದ ಒಂದು ಸಣ್ಣ ಊರಿನಲ್ಲಿ. ಅವನ ವಾದ್ಯ ಲ್ಯೂಟ್. ದೊಡ್ಡ ಪಪ್ಪಾಯಿಯನ್ನು ಉದ್ದಕ್ಕೆ ಸೀಳಿ ಅದಕ್ಕೆ ಗಿಡ್ಡ ಕತ್ತು ಜೋಡಿಸಿದಂತಿರುವ ತಂತಿವಾದ್ಯ ಅದು. ತಂತಿಗಳು ಪ್ರಾಣಿಯ ಕರುಳಿನವು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರಲ್ಲ, ಲ್ಯೂಟಿನಲ್ಲಿ ಹಾಗಲ್ಲ. ಕರುಳಿನ ದಾರವನ್ನೇ ಕತ್ತಿಗೆ ಸುತ್ತಿ ಗಂಟು ಹಾಕಿರುತ್ತಾರೆ. ಬೇಕೆಂದಾಗ ಅದನ್ನು ಆಚೆಗೋ ಈಚೆಗೋ ಸರಿಸಬಹುದು. ಈ ಸರಿಸುವ ಮೆಟ್ಟಿಲನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಫ್ಲಾರೆನ್ಸಿನ ಶ್ರೀಮಂತ ಜೊವಾನ್ನಿ ದೆ ಬಾರ್ದಿ ವಿಂಚೆಂಜೊನ ಪೋಷಕ. ಅವನ ನೆರವಿನಿಂದ 1563ರ ಸುಮಾರಿಗೆ ವೆನಿಸ್‌ಗೆ ಹೋಗಿ ಅಂದಿನ ಅತ್ಯಂತ ದೊಡ್ಡ ಸಂಗೀತಶಾಸ್ತ್ರಜ್ಞ ಜೊಸೆಫೊ ಜಾರ್ಲಿನೊ ಬಳಿ ಕಲಿತ. ಅದಕ್ಕೂ ಮುಂಚೆ, 1562ರಲ್ಲಿ, ಪೀಸಾ ನಗರದಲ್ಲಿ ಜೂಲಿಯಾ ಅಮ್ಮನ್ನಾತಿ ಎಂಬಾಕೆಯನ್ನು ಮದುವೆಯಾಗಿದ್ದ. ಸಂಗೀತದಿಂದ ಹೊಟ್ಟೆ ತುಂಬುವಂತಿರಲಿಲ್ಲವಾದ್ದರಿಂದ ಬಟ್ಟೆಯ ವ್ಯಾಪಾರವನ್ನೂ ಮಾಡುತ್ತಿದ್ದ. 1564ರ ಫೆಬ್ರುವರಿ 15ರಂದು ಪೀಸಾದಲ್ಲಿ ಹಿರಿಯ ಮಗ ಗೆಲಿಲಿಯೊ ಹುಟ್ಟಿದ.

ಬಾರ್ದಿಯ ಮನೆಯಲ್ಲಿ ಸಂಗೀತಗಾರರು, ಕವಿಗಳು, ಪಂಡಿತರು ಸೇರುತ್ತಿದ್ದರು. ಅವರ ಚರ್ಚೆಯ ವಿಷಯ ಒಂದೇ: ಪ್ರಾಚೀನ ಗ್ರೀಕರ ಸಂಗೀತ ಕೇಳುವವರ ಮನಸ್ಸನ್ನು ಕರಗಿಸುತ್ತಿತ್ತಂತೆ, ನಮ್ಮ ಸಂಗೀತಕ್ಕೆ ಆ ಶಕ್ತಿ ಏಕಿಲ್ಲ? ನಾಲ್ಕೈದು ಜನ ಬೇರೆ ಬೇರೆ ಸ್ವರಗಳನ್ನು ಏಕಕಾಲಕ್ಕೆ ಹಾಡಿ ಮಾತನ್ನೇ ಕೇಳಿಸದಂತೆ ಮಾಡುವುದು ಇದಕ್ಕೆ ಕಾರಣ ಎಂದು ವಿಂಚೆಂಜೊ ವಾದಿಸಿದ. ಒಬ್ಬನೇ ಹಾಡಬೇಕು, ಮಾತು ಸ್ಪಷ್ಟವಾಗಿರಬೇಕು ಎಂಬುದು ಅವನ ಪಕ್ಷ. ದಾಂತೆ ಕವಿಯ ಕಾವ್ಯದಲ್ಲಿ ಬರುವ ಉಗೊಲಿನೊನ ಪ್ರಲಾಪವನ್ನು ಹಾಗೆಯೇ ಸ್ವರಕ್ಕೆ ಅಳವಡಿಸಿ ತೋರಿಸಿದ. ಆ ರಚನೆ ಈಗ ಉಳಿದಿಲ್ಲ. ಆದರೆ ಈ ಗುಂಪಿನ ಚಿಂತನೆಯಿಂದಲೇ 1600ರ ಹೊತ್ತಿಗೆ ಒಪೆರಾ ಎಂಬ ಹಾಡುನಾಟಕದ ಪ್ರಕಾರ ಹುಟ್ಟಿತು. ಅಷ್ಟು ದೊಡ್ಡ ಕಲೆಯ ತಳಪಾಯದಲ್ಲಿ ಒಬ್ಬ ಗೆಲಿಲಿ ಇದ್ದಾನೆ ಎಂದರೆ ಸಾಮಾನ್ಯ ಮಾತಲ್ಲ.

ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕಟ್ಟಬೇಕೆಂಬುದಕ್ಕೂ 1581ರ ತನ್ನ ‘ಪ್ರಾಚೀನ ಮತ್ತು ಆಧುನಿಕ ಸಂಗೀತದ ಸಂವಾದ’ ಎಂಬ ಗ್ರಂಥದಲ್ಲಿ ಒಂದು ಸುಲಭ ಲೆಕ್ಕ ಕೊಟ್ಟ. ತಂತಿಯ ಉದ್ದವನ್ನು 18 ಭಾಗ ಮಾಡಿ, ಒಂದು ಭಾಗ ಬಿಟ್ಟು 17ರಲ್ಲಿ ಮೊದಲ ಮೆಟ್ಟಿಲು. ಉಳಿದದ್ದನ್ನು ಮತ್ತೆ 18 ಮಾಡಿ ಎರಡನೆಯದು. ಹೀಗೆ ಹನ್ನೆರಡು ಸಲ ಮಾಡಿದರೆ ತಂತಿ ಹೆಚ್ಚು ಕಡಿಮೆ ಅರ್ಧಕ್ಕೆ ಬರುತ್ತದೆ, ಅಂದರೆ ಮೇಲಿನ ಷಡ್ಜಕ್ಕೆ. ಕ್ಯಾಲ್ಕ್ಯುಲೇಟರ್ ಇದ್ದರೆ 17ನ್ನು 18ರಿಂದ ಭಾಗಿಸಿ ಹನ್ನೆರಡು ಸಲ ಗುಣಿಸಿ ನೋಡಿ: 0.5036 ಬರುತ್ತದೆ. ಪೂರ್ತಿ ಅರ್ಧಕ್ಕೆ ಕೂದಲೆಳೆಯಷ್ಟು ದೂರ. ಕಿವಿಗೆ ಸಾಕು ಎಂಬುದು ಅವನ ಧೋರಣೆ. ಶಾಸ್ತ್ರಕ್ಕಿಂತ ಕಿವಿಗೆ ಮಣೆ ಹಾಕುವ ಈ ಸ್ವಭಾವವೇ ಮುಂದಿನ ಜಗಳಕ್ಕೆ ಮೂಲ.

ಕಮ್ಮಾರನ ಸುತ್ತಿಗೆ

ಜಗಳ ಗುರುವಿನೊಂದಿಗೇ. ಜಾರ್ಲಿನೊ ಸಂಖ್ಯೆಗಳ ಭಕ್ತ. 1ರಿಂದ 6ರವರೆಗಿನ ಅಂಕೆಗಳಲ್ಲಿಯೇ ಎಲ್ಲ ಇಂಪಾದ ಸ್ವರಾಂತರಗಳೂ ಅಡಗಿವೆ ಎಂಬುದು ಅವನ ಸಿದ್ಧಾಂತ. ಇದರ ಬೇರು ಇರುವುದು ಪೈಥಾಗೊರಸ್‌ನಲ್ಲಿ. ನಮ್ಮ ಮಕ್ಕಳಿಗೆ ಲಂಬಕೋನ ತ್ರಿಭುಜದ ಪ್ರಮೇಯದಿಂದ ಪರಿಚಿತನಾದ ಆತನೇ.

ಪೈಥಾಗೊರಸ್ ಬಗ್ಗೆ ಒಂದು ಕಥೆ ಶತಮಾನಗಳ ಕಾಲ ಗ್ರಂಥದಿಂದ ಗ್ರಂಥಕ್ಕೆ ನಡೆದುಬಂದಿತ್ತು. ಒಮ್ಮೆ ಅವನು ಕಮ್ಮಾರನ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಸುತ್ತಿಗೆಗಳ ಸದ್ದು ಇಂಪಾಗಿ ಹೊಂದಿಕೊಂಡು ಕೇಳಿಸಿತಂತೆ. ಒಳಗೆ ಹೋಗಿ ತೂಗಿ ನೋಡಿದರೆ ಅವುಗಳ ತೂಕ 12, 9, 8, 6 ಇದ್ದವಂತೆ. ಮನೆಗೆ ಬಂದು ಒಂದೇ ಬಗೆಯ ನಾಲ್ಕು ತಂತಿಗಳಿಗೆ ಅದೇ ಪ್ರಮಾಣದ ತೂಕಗಳನ್ನು ತೂಗುಹಾಕಿ ಮೀಟಿದಾಗ ಅದೇ ಸ್ವರಗಳು ಬಂದವಂತೆ. 12ಕ್ಕೆ 6, ಅಂದರೆ ಎರಡರಷ್ಟು ತೂಕ ಹಾಕಿದರೆ ಮೇಲಿನ ಷಡ್ಜ. 3ಕ್ಕೆ 2ರ ಪ್ರಮಾಣದಲ್ಲಿ ಹಾಕಿದರೆ ಪಂಚಮ. 4ಕ್ಕೆ 3ರಲ್ಲಿ ಮಧ್ಯಮ. ಕ್ರಿಸ್ತಶಕ ಆರನೆಯ ಶತಮಾನದ ಬೊಯೆಥಿಯಸ್ ಈ ಕಥೆಯನ್ನು ಬರೆದಿಟ್ಟ ಮೇಲಂತೂ ಯೂರೋಪಿನ ಪಾಠಶಾಲೆಗಳಲ್ಲಿ ಇದು ವೇದವಾಕ್ಯವಾಯಿತು.

ಇದರಲ್ಲಿ ಅರ್ಧ ನಿಜವಿದೆ. ತಂತಿಯ ಉದ್ದದ ವಿಷಯದಲ್ಲಿ ಈ ಪ್ರಮಾಣಗಳು ಸರಿಯಾಗಿಯೇ ಇವೆ. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಭಾಗಕ್ಕೆ ಒತ್ತಿದರೆ ಪಂಚಮ. ವೀಣೆ ಕಲಿತ ಯಾರಿಗೂ ಇದು ಬೆರಳಿಗೆ ಗೊತ್ತು. ಉದ್ದಕ್ಕೆ ಸರಿಯಾದದ್ದು ತೂಕಕ್ಕೂ ಸರಿಯಿರಲೇಬೇಕು ಎಂದು ಎಲ್ಲರೂ ಭಾವಿಸಿದರು. ತೂಗುಹಾಕಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಅಥವಾ ನೋಡಿದ್ದರೂ, ಪೈಥಾಗೊರಸ್ ತಪ್ಪೆಂದು ಬರೆಯುವ ಎದೆಗಾರಿಕೆ ತೋರಲಿಲ್ಲ.

ವಿಂಚೆಂಜೊ ತೂಗುಹಾಕಿ ನೋಡಿದ. ಎರಡರಷ್ಟು ತೂಕಕ್ಕೆ ಮೇಲಿನ ಷಡ್ಜ ಬರಲೇ ಇಲ್ಲ. ಅದು ಬಂದದ್ದು ನಾಲ್ಕರಷ್ಟು ತೂಕಕ್ಕೆ. ಪಂಚಮಕ್ಕೆ 3:2 ಅಲ್ಲ, 9:4 ಬೇಕಾಯಿತು. ಮಧ್ಯಮಕ್ಕೆ 16:9. ಪ್ರತಿಯೊಂದು ಸಂಖ್ಯೆಯೂ ವರ್ಗವಾಗಿ ಕೂತಿದೆ, ಗಮನಿಸಿ. 1588ರಲ್ಲಿ ಜಾರ್ಲಿನೊ ತನ್ನ ಹಳೆಯ ಶಿಷ್ಯನ ಟೀಕೆಗೆ ಉತ್ತರವಾಗಿ ಒಂದು ಗ್ರಂಥ ಪ್ರಕಟಿಸಿದ್ದ. ಅದಕ್ಕೆ ಪ್ರತ್ಯುತ್ತರವಾಗಿ 1589ರಲ್ಲಿ ಬರೆದ ಪುಸ್ತಕದಲ್ಲಿ ವಿಂಚೆಂಜೊ ಈ ಫಲಿತಾಂಶವನ್ನು ಹೊರಹಾಕಿದ. ತಾನೂ ಮೊದಲು ಆ ಹಳೆಯ ಕಥೆಯನ್ನು ನಂಬಿದ್ದಾಗಿಯೂ, ಪ್ರಯೋಗವೇ ತನ್ನ ಕಣ್ಣು ತೆರೆಸಿತೆಂದೂ ಅಲ್ಲಿ ಹೇಳಿಕೊಂಡ. ಪಂಚಮಕ್ಕೆ 3:2 ಎಂಬುದು ಪವಿತ್ರ ಸಂಖ್ಯೆಯೇನಲ್ಲ. ಉದ್ದವನ್ನು ಅಳೆದರೆ ಒಂದು ಸಂಖ್ಯೆ, ತೂಕವನ್ನು ಅಳೆದರೆ ಇನ್ನೊಂದು. ಸ್ವರ ಇರುವುದು ಅಂಕೆಯಲ್ಲಲ್ಲ, ಕಂಪಿಸುವ ವಸ್ತುವಿನಲ್ಲಿ ಎಂಬುದು ಇದರ ತಾತ್ಪರ್ಯ.

ಪಿಯುಸಿ ವಿದ್ಯಾರ್ಥಿಗಳು ಸೋನೋಮೀಟರ್ ಪೆಟ್ಟಿಗೆಯ ಮುಂದೆ ನಿಂತು, ತಂತಿಯ ಮೇಲೆ ಪುಟ್ಟ ಕಾಗದದ ತುಂಡನ್ನು ಕೂರಿಸಿ, ಕೊಕ್ಕೆಗೆ ತೂಕ ಹಾಕುತ್ತಾ ಮಾಡುವ ಪ್ರಯೋಗ ಇದೇ. ಕಂಪನಾಂಕವು ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಬಾಯಿಪಾಠ ಮಾಡಿ ಅಂಕ ಗಿಟ್ಟಿಸುವ ನಿಯಮದ ಹಿಂದೆ ಒಬ್ಬ ಲ್ಯೂಟ್ ವಾದಕನಿದ್ದಾನೆ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಪೂರ್ಣ ಸೂತ್ರದ ಕೀರ್ತಿ 1636ರಲ್ಲಿ ಗ್ರಂಥ ಬರೆದ ಫ್ರಾನ್ಸಿನ ಮರ್ಸೆನ್‌ಗೆ ಹೋಗಿದೆ. ಅವನಿಗೆ ಅದು ಸಲ್ಲತಕ್ಕದ್ದೇ. ಎಳೆತ, ಉದ್ದ, ದಪ್ಪ ಎಲ್ಲವನ್ನೂ ಒಟ್ಟುಗೂಡಿಸಿ ಅಂಕಿ ಅಂಶ ಸಹಿತ ಕೊಟ್ಟವನು ಅವನು.

ಮನೆಯಲ್ಲಿಯೂ ಇದನ್ನು ಮಾಡಬಹುದು. ಗಿಟಾರಿನ ಅತ್ಯಂತ ತೆಳುವಾದ ಉಕ್ಕಿನ ತಂತಿಯ ಒಂದು ತುದಿಯನ್ನು ಗಟ್ಟಿ ಮೇಜಿನ ಒಂದು ಬದಿಗೆ ಬಿಗಿಯಿರಿ. ಇನ್ನೊಂದು ತುದಿ ಮತ್ತೊಂದು ಬದಿಯಲ್ಲಿ ಸಣ್ಣ ರಾಟೆಯ ಮೇಲೆ ಹಾದು ಕೆಳಗಿಳಿಯಲಿ. ನಡುವೆ ಅರ್ಧ ಮೀಟರಿಗೂ ಹೆಚ್ಚು ಅಂತರದಲ್ಲಿ ಮರದ ಎರಡು ಕುದುರೆಗಳನ್ನಿಡಿ. ಕೆಳಗಿನ ತುದಿಗೆ ಹಗುರವಾದ ಬಕೆಟ್ಟು. ಬಕೆಟ್ಟು, ನೀರು ಸೇರಿ 1 ಕಿಲೋ ಆಗುವಂತೆ ನೀರು ಹಾಕಿ ಮೀಟಿ, ಅದನ್ನು ಷಡ್ಜವೆಂದು ಹಿಡಿಯಿರಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ಬೇರೆ ತೂಕದ ಬಟ್ಟುಗಳು ಬೇಕಿಲ್ಲ. 2 ಕಿಲೋ ಮಾಡಿ ಮೀಟಿದರೆ ಕೇಳಿಸುವುದು ಮೇಲಿನ ಷಡ್ಜವಲ್ಲ, ಪ್ರತಿಮಧ್ಯಮದ ಆಸುಪಾಸಿನ ಸ್ವರ! ಎರಡರ ವರ್ಗಮೂಲ 1.414, ಅದು ಶುದ್ಧ ಮಧ್ಯಮದ 1.333ಕ್ಕೂ ಪಂಚಮದ 1.5ಕ್ಕೂ ನಡುವೆ ಬೀಳುತ್ತದೆ. ಪೈಥಾಗೊರಸ್‌ನ ಹೆಸರಿನಲ್ಲಿ ಅತ್ಯಂತ ಇಂಪಾದ ಜೋಡಿ ಎಂದು ಬರೆದಿಟ್ಟಿದ್ದ ತೂಕಗಳು ನಿಜಕ್ಕೂ ಕೊಡುವುದು ಅಂದಿನ ಯೂರೋಪು ಕರ್ಕಶವೆಂದು ದೂರವಿಟ್ಟಿದ್ದ ಅಂತರವನ್ನು. ಎರಡೂಕಾಲು ಕಿಲೋ ಆದಾಗ ಪಂಚಮ, 4 ಕಿಲೋಗೆ ಮೇಲಿನ ಷಡ್ಜ. ಹಿರಿಯರು ಜೊತೆಯಲ್ಲಿರಲಿ, ತಂತಿ ತುಂಡಾದರೆ ಚಿಮ್ಮುತ್ತದೆ, ಮುಖವನ್ನು ಅದರ ಹತ್ತಿರ ಒಯ್ಯಬೇಡಿ.

ತಂತಿಯ ಗುಟ್ಟೆಲ್ಲ ಇದರಿಂದ ತೀರಿತು ಎಂದೇನಲ್ಲ. ಈ ನಿಯಮ ಎರಡು ತುದಿಯಲ್ಲೂ ಬಿಗಿಯಾಗಿ ನಿಂತ ತಂತಿಗೆ ಹೇಳಿದ್ದು. ತಂಬೂರಿಯ ಅಗಲವಾದ, ಕೊಂಚ ಬಾಗಿದ ಕುದುರೆಯ ಮೇಲೆ ದಾರದ ಎಳೆ ಸಿಕ್ಕಿಸಿದಾಗ ಬೇರೆಯದೇ ನಾದ ಹೊಮ್ಮುತ್ತದೆ. ಅದನ್ನು ಪರೀಕ್ಷಿಸಿ 1921ರಲ್ಲಿ ಪ್ರಬಂಧ ಬರೆದವರು ಸಿ.ವಿ. ರಾಮನ್, ಬೆಂಗಳೂರಿಗೆ ಬರುವುದಕ್ಕೆ ಹನ್ನೆರಡು ವರ್ಷ ಮೊದಲು. ಹಳೆಯ ನಿಯಮದ ಪ್ರಕಾರ ಕೇಳಿಸಲೇಬಾರದ ಉಪಸ್ವರಗಳು ಕೂಡ ತಂಬೂರಿ ಮತ್ತು ವೀಣೆಯಲ್ಲಿ ಕೇಳಿಸುತ್ತವೆ ಎಂದು ಅವರು ತೋರಿಸಿದರು. ಅದೂ ಕಿವಿ ಕೊಟ್ಟು ಕೇಳಿದ್ದರಿಂದ ಹುಟ್ಟಿದ ವಿಜ್ಞಾನವೇ.

ವೈದ್ಯನಾಗಬೇಕಿದ್ದ ಮಗ

ಇನ್ನು ಮಗನ ಕಡೆಗೆ ಬರೋಣ. ಸಂಗೀತಗಾರನ ಆದಾಯ ಎಷ್ಟೆಂಬುದು ವಿಂಚೆಂಜೊಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಮಕ್ಕಳು ಹಲವರು. ಹಿರಿಯವನು ಬುದ್ಧಿವಂತ. ಮನೆತನಕ್ಕೆ ಹೆಸರು ತಂದವನೇ ಒಬ್ಬ ವೈದ್ಯ. ಇಷ್ಟೆಲ್ಲ ಇರುವಾಗ ಅಪ್ಪ ಏನು ನಿಶ್ಚಯಿಸಿರಬಹುದೆಂದು ಊಹಿಸುವುದು ನಮ್ಮ ತಂದೆತಾಯಿಗಳಿಗೆ ಕಷ್ಟವಾಗದು. 1581ರಲ್ಲಿ ಹದಿನೇಳರ ಗೆಲಿಲಿಯೊ ಪೀಸಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಶಿಕ್ಷಣಕ್ಕೆ ಸೇರಿದ.

ಅಲ್ಲಿ ಅವನಿಗೆ ರುಚಿಸಿದ್ದು ವೈದ್ಯವಲ್ಲ. ತಸ್ಕನಿಯ ಆಸ್ಥಾನ ಗಣಿತಜ್ಞ ಒಸ್ತಿಲಿಯೊ ರಿಚಿಯ ಪಾಠ ಕೇಳಿ ಯೂಕ್ಲಿಡ್‌ನ ಜ್ಯಾಮಿತಿಗೆ ಮನಸೋತ. ಅಪ್ಪ ವಿರೋಧಿಸಿದ. ಗಣಿತದವರಿಗೆ ಸಂಬಳ ಕಡಿಮೆ ಎಂಬ ಅವನ ಭಯ ಸುಳ್ಳೇನಲ್ಲ. 1585ರಲ್ಲಿ ಗೆಲಿಲಿಯೊ ಪದವಿಯನ್ನೇ ಪಡೆಯದೆ ಮನೆಗೆ ಮರಳಿದ. ನಾಲ್ಕು ವರ್ಷದ ಖರ್ಚು, ಕೈಯಲ್ಲಿ ಏನೂ ಇಲ್ಲ. ಆ ಮನೆಯ ಊಟದ ಹೊತ್ತು ಹೇಗಿದ್ದಿರಬಹುದು!

ಆದರೆ ಆ ‘ಏನೂ ಇಲ್ಲದ’ ನಾಲ್ಕು ವರ್ಷಗಳೇ ನಮ್ಮ ಕಥೆಗೆ ಮುಖ್ಯ. 1585ರಿಂದ 1589ರವರೆಗೆ ಗೆಲಿಲಿಯೊ ಖಾಸಗಿ ಪಾಠ ಹೇಳಿಕೊಂಡು ಹೆಚ್ಚಾಗಿ ಫ್ಲಾರೆನ್ಸಿನಲ್ಲಿದ್ದ. ಅಪ್ಪ ತಂತಿಗಳಿಗೆ ತೂಕ ಕಟ್ಟಿ ಜಾರ್ಲಿನೊಗೆ ಉತ್ತರ ಸಿದ್ಧಪಡಿಸುತ್ತಿದ್ದುದೂ ಅದೇ ಕಾಲದಲ್ಲಿ, ಅದೇ ಊರಿನಲ್ಲಿ. ಮಗ ಅದನ್ನು ನೋಡಿರಲೇಬೇಕು, ಬಹುಶಃ ನೆರವಾಗಿಯೂ ಇದ್ದ ಎಂದು ಗೆಲಿಲಿಯೊನ ಬಗ್ಗೆ ಜೀವಮಾನವಿಡೀ ಸಂಶೋಧನೆ ಮಾಡಿದ ಟೊರಾಂಟೊ ವಿಶ್ವವಿದ್ಯಾಲಯದ ಸ್ಟಿಲ್‌ಮನ್ ಡ್ರೇಕ್ ಊಹಿಸಿದ್ದಾರೆ. ತೂಕ ಕಟ್ಟಿದ ದಾರ ಅಲ್ಲಾಡಿದರೆ ಅದೇ ಲೋಲಕ. ಪೀಸಾದ ಚರ್ಚಿನಲ್ಲಿ ತೂಗುದೀಪ ಅಲ್ಲಾಡುವುದನ್ನು ಕಂಡು ಗೆಲಿಲಿಯೊ ಲೋಲಕದ ನಿಯಮ ಕಂಡುಕೊಂಡ ಎಂಬ ಪಠ್ಯಪುಸ್ತಕದ ಕಥೆಗಿಂತ ಈ ಊಹೆ ನನಗೆ ಹೆಚ್ಚು ಒಪ್ಪುತ್ತದೆ. ಡ್ರೇಕ್ ಅವರದು ಊಹೆಯೇ, ದಾಖಲೆಯಲ್ಲ. ಆದರೆ ಅಪ್ಪ, ಮಗ ಇಬ್ಬರ ಕೆಲಸವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಸ್ವರವನ್ನು ಎರಡರಷ್ಟು ಏರಿಸಲು ತೂಕ ನಾಲ್ಕರಷ್ಟು ಬೇಕು, ಇದು ಅಪ್ಪ ಕಂಡದ್ದು. ಲೋಲಕದ ಆಂದೋಲನದ ಕಾಲವನ್ನು ಎರಡರಷ್ಟು ಮಾಡಲು ದಾರ ನಾಲ್ಕರಷ್ಟು ಉದ್ದವಿರಬೇಕು, ಇದು ಮಗ ಕಂಡದ್ದು. ಬೀಳುವ ವಸ್ತು ಎರಡರಷ್ಟು ಕಾಲದಲ್ಲಿ ನಾಲ್ಕರಷ್ಟು ದೂರ ಕ್ರಮಿಸುತ್ತದೆ, ಇದೂ ಮಗನದೇ. ಸರಳ ಪ್ರಮಾಣವನ್ನು ನಿರೀಕ್ಷಿಸಿದಲ್ಲಿ ವರ್ಗದ ಪ್ರಮಾಣ ಎದುರಾಗಬಹುದು ಎಂಬ ಅನುಭವ ಆ ಮನೆಯಲ್ಲಿ ಆಗಲೇ ಇತ್ತು.

1589ರಲ್ಲಿ ಗೆಲಿಲಿಯೊಗೆ ಪೀಸಾ ವಿಶ್ವವಿದ್ಯಾಲಯದಲ್ಲಿಯೇ ಗಣಿತದ ಅಧ್ಯಾಪಕನ ಕೆಲಸ ಸಿಕ್ಕಿತು. ಪದವಿ ಇಲ್ಲದೆ ಹೊರಟ ಜಾಗಕ್ಕೆ ಪಾಠ ಹೇಳಲು ಹೋದ. ಸಂಬಳ ವರ್ಷಕ್ಕೆ 60 ಸ್ಕೂದಿ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಿಗೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಪ್ಪನ ಲೆಕ್ಕ ಇಲ್ಲಿ ತಪ್ಪಿರಲಿಲ್ಲ!

ಇಳಿಜಾರಿನ ಮೇಲೆ ಮೆಟ್ಟಿಲು ಕಟ್ಟಿದವನು

ಸರಿಸುವ ಮೆಟ್ಟಿಲನ್ನು ನೆನಪಿಡಿ ಎಂದಿದ್ದೆ. ಗೆಲಿಲಿಯೊ ಇಳಿಜಾರಿನ ಹಲಗೆಯ ಮೇಲೆ ಗುಂಡನ್ನು ಉರುಳಿಸಿ ವೇಗೋತ್ಕರ್ಷದ ನಿಯಮ ಕಂಡುಹಿಡಿದ ಎಂದು ನಾವು ಪಾಠ ಮಾಡುತ್ತೇವೆ. ನಿಖರವಾದ ಗಡಿಯಾರವೇ ಇಲ್ಲದ ಕಾಲದಲ್ಲಿ ಸೆಕೆಂಡಿಗಿಂತ ಕಡಿಮೆ ಕಾಲವನ್ನು ಹೇಗೆ ಅಳೆದ ಎಂದು ಜಾಣ ಹುಡುಗರು ಕೇಳುತ್ತಾರೆ. ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ಹರಿದ ನೀರನ್ನು ತೂಗಿ ಅಳೆದೆ ಎಂದು ಗೆಲಿಲಿಯೊ 1638ರ ಪುಸ್ತಕದಲ್ಲಿ ಬರೆದಿದ್ದಾನೆ.

1970ರ ದಶಕದಲ್ಲಿ ಡ್ರೇಕ್, ಫ್ಲಾರೆನ್ಸಿನ ಗ್ರಂಥಾಲಯದಲ್ಲಿರುವ ಗೆಲಿಲಿಯೊನ ಹಸ್ತಪ್ರತಿಗಳಲ್ಲಿ 1604ರ ಸುಮಾರಿನದೆಂದು ಅವರು ಗುರುತಿಸಿದ ಒಂದು ಹಾಳೆಯನ್ನು ಪರಿಶೀಲಿಸಿದರು. ಅದರಲ್ಲಿ ಎಂಟು ಸಂಖ್ಯೆಗಳ ಒಂದು ಸಾಲು: 33, 130, 298, 526, 824, 1192, 1620, 2104. ಪಕ್ಕದಲ್ಲಿ 1, 4, 9, 16 ಎಂದು ಮುಂದುವರಿದು 64ರವರೆಗೆ. 33ನ್ನು 4ರಿಂದ, 9ರಿಂದ, 16ರಿಂದ ಗುಣಿಸಿ ನೋಡಿ: 132, 297, 528. ಎಷ್ಟು ಹತ್ತಿರ! ಸಮನಾದ ಕಾಲಾವಧಿಗಳ ಕೊನೆಗೆ ಗುಂಡು ಮುಟ್ಟಿದ ಜಾಗಗಳು ಇವು. ಗೆಲಿಲಿಯೊ ಬಳಸಿದ ಅಳತೆಯ ಒಂದು ಮಾನ ಮಿಲಿಮೀಟರಿಗಿಂತ ತುಸು ಕಡಿಮೆ ಇದ್ದುದರಿಂದ ಇಡೀ ದೂರ ಸುಮಾರು 2 ಮೀಟರ್.

ಇಷ್ಟು ನಿಖರತೆ ಹೇಗೆ ಬಂತು? ಡ್ರೇಕ್ ಕೊಟ್ಟ ಉತ್ತರ ಸ್ವಾರಸ್ಯಕರವಾಗಿದೆ. ಲ್ಯೂಟಿನ ಕತ್ತಿಗೆ ಕಟ್ಟುವಂತೆ ಹಲಗೆಗೆ ಅಡ್ಡಲಾಗಿ ಕರುಳಿನ ದಾರಗಳನ್ನು ಕಟ್ಟಿರಬೇಕು. ಗುಂಡು ಒಂದೊಂದನ್ನು ದಾಟುವಾಗಲೂ ‘ಟಕ್’ ಎಂದು ಸದ್ದು. ಲಯಬದ್ಧವಾದ ಹಾಡೊಂದನ್ನು ಗುನುಗುತ್ತಾ, ಪ್ರತಿ ಸದ್ದೂ ತಾಳದ ಪೆಟ್ಟಿಗೆ ಸರಿಯಾಗಿ ಬೀಳುವವರೆಗೆ ದಾರಗಳನ್ನು ಸರಿಸುತ್ತಾ ಹೋದರೆ ಸಾಕು. ಆಮೇಲೆ ನಿಧಾನವಾಗಿ ದೂರಗಳನ್ನು ಅಳೆದುಕೊಳ್ಳಬಹುದು. ಸೆಕೆಂಡು ಎಷ್ಟೆಂದು ಗೊತ್ತಿರಬೇಕಾದ್ದೇ ಇಲ್ಲ. ಅವಧಿಗಳು ಸಮವಾಗಿದ್ದರೆ ಆಯಿತು. ಡ್ರೇಕ್ ತಾವೇ ಮಾಡಿ ನೋಡಿದರು, ಸಾಧ್ಯವಾಯಿತು. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಿಲ್ಲ, ಸರಿ. ಆದರೆ ಮೃದಂಗದ ಪೆಟ್ಟು ತಾಳದಿಂದ ಒಂದಿಷ್ಟು ಜಾರಿದರೂ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ರಸಿಕನಿಗೆ ತಿಳಿದುಬಿಡುತ್ತದೆ ಎಂಬುದನ್ನು ಕಂಡಿರುವ ನಮಗೆ ಇದನ್ನು ನಂಬುವುದು ಕಷ್ಟವಲ್ಲ. ಗೆಲಿಲಿಯೊ ಚೆನ್ನಾಗಿ ಲ್ಯೂಟ್ ನುಡಿಸುತ್ತಿದ್ದ, ಅಪ್ಪನೇ ಕಲಿಸಿದ್ದ.

ತಮ್ಮನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. 1591ರಲ್ಲಿ ವಿಂಚೆಂಜೊ ತೀರಿಕೊಂಡಾಗ ಮಿಕೆಲಾನ್ಯೊಲೊಗೆ ಹದಿನೈದು ವರ್ಷ. ಮನೆಯ ಭಾರ, ತಂಗಿಯರ ವರದಕ್ಷಿಣೆಯ ಹೊಣೆ ಎಲ್ಲವೂ ಹಿರಿಯನ ಹೆಗಲಿಗೆ ಬಿತ್ತು. ತಮ್ಮ ಪೋಲೆಂಡಿಗೂ ಆಮೇಲೆ ಮ್ಯೂನಿಕ್ ನಗರಕ್ಕೂ ಹೋಗಿ ಆಸ್ಥಾನ ವಾದಕನಾದ. ವರದಕ್ಷಿಣೆಯಲ್ಲಿ ತನ್ನ ಪಾಲನ್ನು ಕಳಿಸುವೆನೆಂದು ಹೇಳಿ ಕಳಿಸಲಿಲ್ಲ. ಭಾವಂದಿರು ಗೆಲಿಲಿಯೊನನ್ನು ನ್ಯಾಯಾಲಯಕ್ಕೆ ಎಳೆದರು. ಪಡುವಾ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಅವನು ಮನೆಪಾಠ ಹೇಳಿ, ವಿದ್ಯಾರ್ಥಿಗಳನ್ನು ಊಟ ವಸತಿಗೆ ಇಟ್ಟುಕೊಂಡು, ತಾನೇ ರೂಪಿಸಿದ ಅಳತೆಯ ಉಪಕರಣಗಳನ್ನು ಮಾರಿ ಸಾಲ ತೀರಿಸಿದ. ಇಷ್ಟಾದರೂ 1627ರಲ್ಲಿ ತಮ್ಮನ ಹೆಂಡತಿ ಮಕ್ಕಳು ಬಂದು ಅವನ ಮನೆಯಲ್ಲಿಯೇ ಇಳಿದರು. ಮಿಕೆಲಾನ್ಯೊಲೊ 1620ರಲ್ಲಿ ಮ್ಯೂನಿಕ್‌ನಲ್ಲಿ ಪ್ರಕಟಿಸಿದ ಲ್ಯೂಟ್ ರಚನೆಗಳ ಪುಸ್ತಕ ಮಾತ್ರ ಬಹಳ ಸೊಗಸಾದದ್ದು. ಕೇಳಿದರೆ, ಅಣ್ಣನಿಗೆ ಕೊಟ್ಟ ಕಾಟವನ್ನು ಮನ್ನಿಸೋಣ ಎನ್ನಿಸುತ್ತದೆ.

ಹೆಸರಿಲ್ಲದ ಪುಟಗಳು

ಗೃಹಬಂಧನದಲ್ಲಿದ್ದು, ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ ಗೆಲಿಲಿಯೊ ತನ್ನ ಕೊನೆಯ ದೊಡ್ಡ ಗ್ರಂಥ ‘ಎರಡು ಹೊಸ ವಿಜ್ಞಾನಗಳು’ ಮುಗಿಸಿದ. ಇಟಲಿಯಲ್ಲಿ ಅಚ್ಚು ಹಾಕಿಸುವಂತಿರಲಿಲ್ಲ. 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅದು ಹೊರಬಂತು. ನಾಲ್ಕು ದಿನಗಳ ಸಂಭಾಷಣೆಯ ರೂಪದಲ್ಲಿರುವ ಈ ಗ್ರಂಥದ ಮೊದಲ ದಿನದ ಕೊನೆಯ ಪುಟಗಳು ಪೂರ್ತಿ ಸಂಗೀತಕ್ಕೆ ಮೀಸಲು.

ಅಲ್ಲಿ ಅವನು ಅಪ್ಪ ನಿಲ್ಲಿಸಿದ ಕಡೆಯಿಂದ ಒಂದು ಹೆಜ್ಜೆ ಮುಂದಿಡುತ್ತಾನೆ. ಉದ್ದಕ್ಕೆ ಒಂದು ಪ್ರಮಾಣ, ಎಳೆತಕ್ಕೆ ಇನ್ನೊಂದು ಎಂದಾದರೆ ಇವೆರಡರ ಹಿಂದೆ ಇರುವ ನಿಜವಾದ ಕಾರಣ ಯಾವುದು? ಕಂಪನಗಳ ಸಂಖ್ಯೆ. ಒಂದು ತಂತಿ ಎರಡು ಸಲ ಕಂಪಿಸುವಷ್ಟರಲ್ಲಿ ಇನ್ನೊಂದು ಮೂರು ಸಲ ಕಂಪಿಸಿದರೆ ಕಿವಿಗೆ ಅದು ಪಂಚಮ, ತಂತಿಯನ್ನು ಹೇಗೆ ಬಿಗಿದಿದ್ದರೂ ಸರಿಯೆ. ಇದನ್ನು ಕಣ್ಣಿಗೆ ತೋರಿಸಲು ಒಂದು ಅನುಭವವನ್ನೂ ಹೇಳುತ್ತಾನೆ. ಹಿತ್ತಾಳೆ ತಗಡಿನ ಕಲೆ ತೆಗೆಯಲು ಉಳಿಯಿಂದ ಹೆರೆಯುತ್ತಿದ್ದಾಗ ಆಗಾಗ ಸಿಳ್ಳೆಯಂಥ ಸ್ವರ ಹೊರಟಿತಂತೆ. ಸ್ವರ ಬಂದಾಗಲೆಲ್ಲ ತಗಡಿನ ಮೇಲೆ ಸಮ ಅಂತರದ ಸಣ್ಣ ಗೀರುಗಳ ಸಾಲು. ವೇಗವಾಗಿ ಹೆರೆದರೆ ಸ್ವರ ಏರುತ್ತಿತ್ತು, ಗೀರುಗಳು ಒತ್ತೊತ್ತಾಗುತ್ತಿದ್ದವು. ಪಂಚಮದ ಅಂತರವಿದ್ದ ಎರಡು ಸ್ವರಗಳ ಗೀರುಗಳನ್ನು ಎಣಿಸಿದಾಗ ಒಂದರಲ್ಲಿ 30 ಇದ್ದ ಜಾಗದಲ್ಲಿ ಇನ್ನೊಂದರಲ್ಲಿ 45.

ಲೋಲಕಗಳ ಆಟವೂ ಅಲ್ಲಿದೆ. ದಾರಗಳ ಉದ್ದ 16, 9, 4ರ ಪ್ರಮಾಣದಲ್ಲಿರುವ ಮೂರು ಲೋಲಕಗಳನ್ನು ಒಟ್ಟಿಗೆ ಆಡಿಸುವುದು. ಮಕ್ಕಳು 64, 36 ಮತ್ತು 16 ಸೆಂಟಿಮೀಟರ್ ತೆಗೆದುಕೊಳ್ಳಬಹುದು. ದಾರದ ತುದಿಗೆ ಒಂದೇ ಬಗೆಯ ಚಿಕ್ಕ ಗುಂಡುಗಳು, ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಬೇಕು. ಅತಿ ಉದ್ದದ್ದು 3 ಸಲ ಹೋಗಿ ಬರುವಷ್ಟರಲ್ಲಿ ನಡುವಿನದು 4 ಸಲ, ಗಿಡ್ಡದ್ದು 6 ಸಲ. ಸ್ವಲ್ಪ ಹೊತ್ತು ಗೊಂದಲದಂತೆ ಕಂಡು, ಸುಮಾರು 5 ಸೆಕೆಂಡಿಗೊಮ್ಮೆ ಮೂರೂ ಹೊರಟ ಕಡೆಗೆ ಒಟ್ಟಿಗೆ ಬಂದು ಸೇರುತ್ತವೆ. ಷಡ್ಜ, ಮಧ್ಯಮ, ಮೇಲಿನ ಷಡ್ಜ ಒಟ್ಟಿಗೆ ನುಡಿದಾಗ ಕಿವಿಯೊಳಗೆ ನಡೆಯುವುದು ಇದೇ ಎಂದು ಅವನ ವಾದ. ತರಗತಿಯಲ್ಲಿ ಇದನ್ನು ಮಾಡಿಸಿದಾಗ, ಗಣಿತದ ಹೆಸರೆತ್ತಿದರೆ ಆಕಳಿಸುವ ಹುಡುಗರೂ ಗೋಡೆಗೆ ಆತು ನಿಂತು ಎಣಿಸುವುದನ್ನು ಕಂಡಿದ್ದೇನೆ.

ಆ ಪುಟಗಳಲ್ಲಿ ಮೇಲಿನ ಷಡ್ಜಕ್ಕೆ ನಾಲ್ಕರಷ್ಟು ತೂಕ ಬೇಕೆಂಬ ಮಾತು ಬರುತ್ತದೆ. ಅದನ್ನು ಮೊದಲು ಕಂಡ ವಿಂಚೆಂಜೊನ ಹೆಸರು ಬರುವುದಿಲ್ಲ. ಅಂದು ಆಕರಗಳನ್ನು ಹೆಸರಿಸುವ ಪದ್ಧತಿ ಇಂದಿನಷ್ಟು ಕಟ್ಟುನಿಟ್ಟಾಗಿರಲಿಲ್ಲ ಎನ್ನಬಹುದು. ಆದರೂ ಒಂದು ಸಾಲು ಬರೆಯಬಹುದಿತ್ತು ಎಂದು ನನಗೆ ಅನ್ನಿಸುವುದುಂಟು. ಮತ್ತೊಂದು ಕಡೆ, ಅಪ್ಪನ ಹೆಸರನ್ನು ಅವನು ಮರೆತಿರಲಿಲ್ಲ. 1606ರಲ್ಲಿ ಹುಟ್ಟಿದ ತನ್ನ ಮಗನಿಗೆ ಅದನ್ನೇ ಇಟ್ಟಿದ್ದ. ಈ ಕಿರಿಯ ವಿಂಚೆಂಜೊ ಕೂಡ ಲ್ಯೂಟ್ ನುಡಿಸುತ್ತಿದ್ದ.

1641ರಲ್ಲಿ, ಪೂರ್ತಿ ಕುರುಡನಾಗಿದ್ದ ಗೆಲಿಲಿಯೊಗೆ ಲೋಲಕವನ್ನು ಗಡಿಯಾರಕ್ಕೆ ಜೋಡಿಸಬಹುದೆಂಬ ಯೋಚನೆ ಹೊಳೆಯಿತು. ಅವನು ಬಾಯಲ್ಲಿ ಹೇಳಿದ್ದನ್ನು ಮಗನೂ ಶಿಷ್ಯ ವಿವಿಯಾನಿಯೂ ಕೇಳಿಕೊಂಡರು, ನಕ್ಷೆಯೊಂದು ಸಿದ್ಧವಾಯಿತು. 1642ರ ಜನವರಿ 8ರಂದು ಗೆಲಿಲಿಯೊ ತೀರಿಕೊಂಡ. ಕಿರಿಯ ವಿಂಚೆಂಜೊ 1649ರಲ್ಲಿ ಆ ಗಡಿಯಾರವನ್ನು ಕಟ್ಟಲು ತೊಡಗಿದ. ಮುಗಿಸುವ ಮೊದಲೇ ಅದೇ ವರ್ಷ ಅವನೂ ಸತ್ತ. ಲೋಲಕದ ಗಡಿಯಾರವನ್ನು 1656ರಲ್ಲಿ ಓಡಿಸಿ ತೋರಿಸಿದ ಕೀರ್ತಿ ಹಾಲೆಂಡಿನ ಹೈಗೆನ್ಸ್‌ಗೆ ಹೋಯಿತು. ಗೆಲಿಲಿಗಳ ಗಡಿಯಾರದ ಚಿತ್ರ ಮಾತ್ರ ಫ್ಲಾರೆನ್ಸಿನ ಗ್ರಂಥಾಲಯದಲ್ಲಿ ಉಳಿದಿದೆ: ಹಲ್ಲಿನ ಚಕ್ರ, ಎರಡು ಕೊಕ್ಕೆ, ಕೆಳಗೆ ಇಳಿಬಿದ್ದ ಒಂದು ಲೋಲಕ.